ಷರಾ ಬರೆಯುವ ಜಾಗ

ರಾಯಚೂರು
10 ಜೂನ್ 2024

ಮಾನ್ಯ ವಿಬುಧೇಂದ್ರ ಸರ್ ಅವರಿಗೆ,

ಕೆಲಸ ಒಪ್ಪಿಸಿಕೊಟ್ಟು ಹೊರಡುವಾಗ ನೀವು, "ಫೋನಿನ್ಯಾಗ ನನಗ ಏನೂ ಕೇಳಂಗಿಲ್ಲವಾ. ಕೇಳೂದಿದ್ರ ಕಾಗದ ಬರಿ, ಮಾನ್ವಿಗೆ ಎರಡು ದಿನಕ್ಕ ಬರ್ತದ" ಎಂದಿರಿ. ಆಫೀಸಿನಲ್ಲಿ ಎಲ್ಲರೂ ನಕ್ಕರು. ನನಗೆ ಮಾತ್ರ ಒಳಗೊಳಗೇ ಸಮಾಧಾನವಾಯಿತು. ಫೋನು ಬಂದರೆ ಅದು ತಾನಾಗಿ ನಿಲ್ಲಲಿ ಎಂದು ಕಾಯುವವಳು ನಾನು. ಕನ್ನಡ ಎಂ.ಎ. ಮಾಡಿದವಳಿಗೆ ಕಣ್ಣಿನ ಕೇಂದ್ರದಲ್ಲಿ ಏನು ಕೆಲಸ ಎಂದು ಸಂದರ್ಶನದಲ್ಲಿ ಕೇಳಿದಾಗಲೂ ನನ್ನ ಬಾಯಿಂದ ಮಾತು ಹೊರಡಲಿಲ್ಲ. "ಅಕ್ಷರ ಚೊಲೋ ಅದಾವ, ಅಷ್ಟು ಸಾಕು" ಎಂದು ನೀವೇ ನನ್ನ ಪರವಾಗಿ ಉತ್ತರ ಕೊಟ್ಟಿರಿ. ಅದಕ್ಕೆ ಧನ್ಯವಾದ ಹೇಳುವುದೂ ಆ ದಿನ ಆಗಲಿಲ್ಲ. ಈಗ ಹೇಳುತ್ತಿದ್ದೇನೆ.

ಕೇಳುವ ವಿಷಯ ಇದು. ಶನಿವಾರ ಡಾ. ಶೈಲಶ್ರೀ ಮೇಡಂ ಕರೆದು, "ಹದಿನೈದು ವರ್ಷದ ದಾಖಲಿ ಎಲ್ಲಾ ಕಂಪ್ಯೂಟರ್ ಶೀಟಿನ್ಯಾಗ ಅದ, ಶಿಬಿರಕ್ಕೊಂದು ಪಟ್ಟಿ. ಇದನ್ನ ಹಿಂಗೇ ಮುಂದುವರಿಸೋಣೋ, ಡೇಟಾಬೇಸ್ ಮಾಡಿಸೋಣೋ? ದಿನಾ ಅದರ ಮುಂದ ಕುಂದ್ರಾಕಿ ನೀನು. ದೀಪಾವಳಿ ಒಳಗ ನೀನೇ ಹೇಳು" ಎಂದರು. ನನ್ನ ಆರು ತಿಂಗಳ ಪರೀಕ್ಷಾ ಅವಧಿಯೂ ಹೆಚ್ಚುಕಡಿಮೆ ಆಗಲೇ ಮುಗಿಯುತ್ತದೆ. ಎರಡನ್ನೂ ಒಟ್ಟಿಗೆ ತೀರ್ಮಾನಿಸುತ್ತಾರೆ ಎಂದು ನನ್ನ ಊಹೆ.

ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಕಲಿಸುವ ಮೌನೇಶ ಬಂದು ನಿಮ್ಮ ಶೀಟ್ ನೋಡಿದರು. ಊರಿನ ಕಾಲಂನಲ್ಲಿ ಉದ್ದಕ್ಕೂ 'ಗೂಗಲ್, ಗೂಗಲ್' ಎಂದಿರುವುದನ್ನು ಕಂಡು, "ಗೂಗಲ್‌ನವ್ರಿಗೂ ಕಣ್ಣು ಕಾಣಂಗಿಲ್ಲೇನ್ರೀ?" ಎಂದರು. ಅದು ಕೃಷ್ಣಾ ದಂಡೆಯ ಮೇಲಿನ ಊರು, ದೇವದುರ್ಗ ತಾಲ್ಲೂಕು ಎಂದೆ. "ಗೊತ್ತದ ರೀ, ನಗಸಾಕಂತ ಅಂದೆ. ನೀವು ನಗಲೇ ಇಲ್ಲ" ಎಂದರು. ಆಮೇಲೆ ವಿವರಿಸಿದರು. ಶೀಟ್ ಎಂದರೆ ಬಯಲು ಜಾಗವಂತೆ, ಯಾರು ಎಲ್ಲಿ ಏನು ಬೇಕಾದರೂ ಬರೆಯಬಹುದು. ಡೇಟಾಬೇಸಿಗೆ ಬಾಗಿಲು ಇರುತ್ತದೆ, ತಪ್ಪಿದ್ದರೆ ಒಳಗೆ ಬಿಡುವುದಿಲ್ಲ. ನಿಮ್ಮ ಷರಾ ಕಾಲಂ ನೋಡಿ ಅವರು ತಲೆ ಕೆರೆದುಕೊಂಡರು. "ಇಷ್ಟುದ್ದ ಯಾರು ಓದ್ತಾರ? ಡೇಟಾಬೇಸಿನ್ಯಾಗ ಇದಕ್ಕ ನಾಕು ಆಯ್ಕಿ ಇಟ್ರ ಸಾಕು. ಓದು, ಹೊಲಿಗಿ, ಅಡಗಿ, ಇತರೆ."

ಸರ್, ನಾನು ಓದುತ್ತೇನೆ. ಒಂದು ವಾರದಿಂದ ಊಟದ ಬಿಡುವಿನಲ್ಲಿ ಅದನ್ನೇ ಓದುತ್ತಿದ್ದೇನೆ. ಒಂದು ಸಾಲಿಗೆ ಒಬ್ಬರು: ಹೆಸರು, ಊರು, ವಯಸ್ಸು, ಕನ್ನಡಕದ ನಂಬರ್. ಅಲ್ಲಿಯವರೆಗೆ ಎಲ್ಲ ಆಫೀಸುಗಳ ಹಾಗೆಯೇ. ಕೊನೆಯಲ್ಲಿ ನಿಮ್ಮ ಷರಾ. "ಸತ್ತಾರ್ ಸಾಬ್, ಮಸರಕಲ್: ಅಂಗಿಗೆ ಕಾಜಾ ಹೊಲಿಯಲು. ಪೇಪರ್ ಓದಲು ಎಂದು ಹೇಳಿದರು. ಓದುವುದಿಲ್ಲ." "ಈರಮ್ಮ, ಗೂಗಲ್: ಅಕ್ಕಿಯಲ್ಲಿಯ ಹರಳು ಕಾಣುವುದಿಲ್ಲ. ಸೊಸೆ ಬೈಯುತ್ತಾಳೆ." ಮೇ ತಿಂಗಳ ದೇವದುರ್ಗ ಶಿಬಿರದ ಪಟ್ಟಿಯಲ್ಲಿ, ನೂರಾ ಐವತ್ತೆರಡನೆಯ ಸಾಲಿನಲ್ಲಿ, ಇದೂ ಇದೆ: "ಬಂಡೆಮ್ಮ, ಮಸರಕಲ್: ಕೌದಿ ಹೊಲಿಯುವ ಸೂಜಿಗೆ ದಾರ ಪೋಣಿಸಲು. ಮೊದಲು ಮಗಳು ಪೋಣಿಸುತ್ತಿದ್ದಳು. ಮಗಳು ಈಗ ರಾಯಚೂರಿನಲ್ಲಿ ಇರುತ್ತಾಳೆ."

ಆ ಮಗಳು ನಾನು. ಅವ್ವ ನನಗೆ ಈ ಮಾತನ್ನು ಯಾವತ್ತೂ ಹೇಳಿಲ್ಲ. ನಿಮಗೆ ಹೇಳಿದ್ದಾಳೆ.

ಏನು ಮಾಡಬೇಕೆಂದು ತಿಳಿಸಿರಿ.

ನಿಮ್ಮ
ಭಾಗ್ಯಜ್ಯೋತಿ


ಮಾನ್ವಿ
17 ಜೂನ್ 2024

ಚಿ. ಭಾಗ್ಯಜ್ಯೋತಿಗೆ ಆಶೀರ್ವಾದ.

ನಿನ್ನ ಪತ್ರ ಎರಡು ದಿನಕ್ಕಲ್ಲ, ನಾಲ್ಕು ದಿನಕ್ಕೆ ಬಂತು. ನಮ್ಮ ಮನೆಯಾಕೆ ಅನಸೂಯಾಬಾಯಿ ಓದಿ, "ಈ ಹುಡುಗಿ ಅಕ್ಷರ ನೋಡ್ರಿ, ನಿಮ್ಮ ಇರಿವಿ ಸಾಲು ನೋಡ್ರಿ" ಎಂದಳು. ನಾನು ಕೇಳಿಸಲಿಲ್ಲ ಎಂದು ಸುಮ್ಮನಾದೆ. ಕಿವುಡುತನದಲ್ಲಿ ಇಂಥ ಅನುಕೂಲಗಳೂ ಇವೆ.

ಡೇಟಾಬೇಸ್ ಬೇಡ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ ಉಂಟು. ನಾನು ಸೇರಿದಾಗ ಇದ್ದದ್ದು ಉದ್ದನೆಯ ರಿಜಿಸ್ಟರು. ಎರಡು ಸಾವಿರದ ಒಂಬತ್ತರಲ್ಲಿ ಕಂಪ್ಯೂಟರ್ ಬಂದಾಗ ನನಗೆ ನಲವತ್ತೈದು ವರ್ಷ. ಮೂರು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ತೆರೆದು ನೋಡಿದರೆ ಏನಿದೆ? ನನ್ನದೇ ರಿಜಿಸ್ಟರು, ಗೆರೆ ಮಾತ್ರ ಅದೇ ಹೊಡೆದುಕೊಂಡಿದೆ. ಶೀಟ್ ನನ್ನನ್ನು ನಂಬಿತು, ನಾನು ಶೀಟನ್ನು ನಂಬಿದೆ. ಹದಿನೈದು ವರ್ಷದಲ್ಲಿ ನನ್ನ ಪಟ್ಟಿಯಲ್ಲಿ ಒಂದೇ ಒಂದು ತಪ್ಪು ಬಂದಿಲ್ಲ. ಬೀಳ್ಕೊಡುಗೆಯ ದಿನ ಮೇಡಂ ಎಲ್ಲರ ಮುಂದೆ ಇದೇ ಮಾತು ಹೇಳಿದರು. ಶಾಲಿಗಿಂತ ಅದು ನನಗೆ ದೊಡ್ಡದು.

ಷರಾ ಹೇಗೆ ಬಂತೆಂದರೆ, ಬಹಳ ಹಿಂದೆ ಮಟಮಾರಿಯ ಒಬ್ಬ ಮುದುಕ ಕನ್ನಡಕ ಒಯ್ದ. ಮರುವರ್ಷ ಅದನ್ನು ವಾಪಸ್ ತಂದು, "ಕಾಣಂಗಿಲ್ಲರೀ" ಎಂದ. ಡಾಕ್ಟರು ನೋಡಿ ನಂಬರ್ ಸರಿಯಾಗಿದೆ ಎಂದರು. ಹೊರಗೆ ಕರೆದು ನಾನು ಕೇಳಿದೆ, "ಏನು ಕಾಣಂಗಿಲ್ಲ?" ಅವನು, "ಕುರಿ ಕಿವಿಯೊಳಗಿನ ಉಣ್ಣಿಹುಳ" ಎಂದ. ಅಲ್ಲಿಯವರೆಗೆ ಅದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅಕ್ಷರದ ಹಲಗೆಯನ್ನು ದೂರ ಇಟ್ಟು ಅವನ ಕಣ್ಣು ನೋಡಿದ್ದರು. ಅವನು ಕುರಿಯನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುವವನು. ಕಣ್ಣಿನ ನಂಬರ್ ಬರೆಯುವುದು ಡಾಕ್ಟರ ಕೆಲಸ, ಆ ಕಣ್ಣಿಗೆ ಏನು ಕಾಣಬೇಕಾಗಿದೆ ಎಂದು ಬರೆಯುವುದು ನಮ್ಮ ಕೆಲಸ. ಅಂದಿನಿಂದ ಬರೆಯುತ್ತ ಬಂದೆ. ನಾಲ್ಕು ಆಯ್ಕೆಯಲ್ಲಿ ಉಣ್ಣಿಹುಳ ಎಲ್ಲಿ ಕೂಡುತ್ತದೆ ಎಂದು ಆ ಮೌನೇಶನನ್ನು ಕೇಳು. 'ಇತರೆ' ಎನ್ನುತ್ತಾನೆ. ನಮ್ಮ ಜನ ಎಲ್ಲರೂ ಇತರೆಯೇ.

ನಿನ್ನ ತಾಯಿಯ ನೆನಪಿದೆ. ಮಗಳ ಹೆಸರು ಹೇಳಲಿಲ್ಲ. "ದೊಡ್ಡ ಸಾಲಿ ಓದ್ಯಾಳ" ಎಂದಷ್ಟೇ ಹೇಳಿದಳು.

ಶುಭಚಿಂತಕ
ವಿಬುಧೇಂದ್ರ


ರಾಯಚೂರು
9 ಜುಲೈ 2024

ಮಾನ್ಯ ಸರ್,

ದೊಡ್ಡ ತಪ್ಪು ಮಾಡಿದ್ದೇನೆ. ಮೊದಲು ನಿಮಗೇ ಹೇಳಬೇಕು.

ಮೇ ಶಿಬಿರದ ನೂರಾ ಎಂಬತ್ತಾರು ಕನ್ನಡಕಗಳು ಅಂಗಡಿಯಿಂದ ಬಂದವು. ನಾನೇ ಪಟ್ಟಿ ತೆಗೆದೆ, ನಾನೇ ಒಂದೊಂದು ಡಬ್ಬಿಗೂ ಹೆಸರಿನ ಚೀಟಿ ಅಂಟಿಸಿದೆ, ಜೂನ್ ಕೊನೆಗೆ ಗೂಗಲ್‌ನಲ್ಲಿ ತೊಂಬತ್ತೊಂದು, ಮಸರಕಲ್‌ನಲ್ಲಿ ತೊಂಬತ್ತೈದು ಹಂಚಿ ಬಂದೆ. ಅವ್ವನ ಡಬ್ಬಿಯನ್ನು ನನ್ನ ಕೈಯಾರೆ ಕೊಟ್ಟೆ. ಆ ದಿನ ನಾನು ಬಹಳ ಬೀಗಿದ್ದೆ.

ಮೊನ್ನೆ ರಜೆಗೆ ಊರಿಗೆ ಹೋದರೆ ಅವ್ವ ಸೂಜಿಯನ್ನು ಮೂಗಿನ ತುದಿಗೆ ತಂದು ಕೂತಿದ್ದಳು. "ಏನ್ ಕನ್ನಡಕ ಕೊಟ್ಟೀಯಬೇ? ಸೂಜಿ ಕಾಣಬೇಕಂದ್ರ ಮೂಗಿನ್ಯಾಗ ಚುಚ್ಚಿಗೊಳ್ಳಬೇಕು. ಮೂಗಬಟ್ಟು ಇಲ್ಲದವ್ರಿಗೆ ಮಾಡಿದ್ದೇನು?" ಎಂದಳು. ಹೊಸದು, ರೂಢಿಯಾಗುತ್ತದೆ ಎಂದೆ. ಮಾರನೆಯ ದಿನ ದೇವದುರ್ಗ ಸಂತೆಯಲ್ಲಿ ಗೂಗಲ್‌ನ ಈರಮ್ಮ ಅವ್ವನ ಪಕ್ಕದಲ್ಲೇ ಮೆಣಸಿನಕಾಯಿ ಇಟ್ಟುಕೊಂಡು ಕೂತಿದ್ದಳು. ಅವಳ ಗೋಳು ಇನ್ನೊಂದು. ಅಕ್ಕಿ ಕಾಣಬೇಕಾದರೆ ಮೊರವನ್ನು ಎರಡು ಮಾರು ದೂರ ಹಿಡಿಯಬೇಕು. "ನನ್ನ ಕೈ ಸಾಲವಲ್ದು, ಸೊಸಿ ಕೈಲಿ ಹಿಡಿಸೀನಿ" ಎಂದಳು. ಇಬ್ಬರೂ ನಗುತ್ತ ಕನ್ನಡಕ ಅದಲುಬದಲು ಮಾಡಿ ಹಾಕಿಕೊಂಡರು. ಅವ್ವ ಸೆರಗಿಗೆ ಸಿಕ್ಕಿಸಿದ್ದ ಸೂಜಿ ತೆಗೆದಳು, ಒಂದೇ ಸಲಕ್ಕೆ ದಾರ ಹೋಯಿತು. ಈರಮ್ಮ ಬೊಗಸೆಯಲ್ಲಿ ಮೆಣಸಿನಕಾಯಿ ಹಿಡಿದು, "ಯವ್ವಾ, ಇದರಾಗ ಹುಳ ಅದಾವಲ್ಲ!" ಎಂದು ಕೂಗಿದಳು. ಅವಳ ಗಿರಾಕಿ ಎದ್ದು ಹೋದ.

ನಾನು ಓಡಿ ಬಂದು ಶೀಟ್ ತೆರೆದೆ. ನಂಬರಿನ ಕಾಲಂ ಮೇಲಿನಿಂದ ಕೆಳಗೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿದೆ. ಮೊದಲು ಎಲ್ಲ ಒಂದು, ಆಮೇಲೆ ಒಂದೂವರೆ, ಎರಡು, ಎರಡೂವರೆ, ಮೂರು. ಹೆಸರುಗಳು ತಮ್ಮ ಜಾಗದಲ್ಲಿ ಹಾಗೇ ಇವೆ. ಪಟ್ಟಿಯಲ್ಲಿ ಗೂಗಲ್ ಮೊದಲು ಇರುವುದರಿಂದ ಕಡಿಮೆ ನಂಬರೆಲ್ಲ ಅವರಿಗೆ ಹೋಗಿವೆ, ಹೆಚ್ಚಿನವೆಲ್ಲ ನಮ್ಮ ಊರಿಗೆ ಬಂದಿವೆ. ಗೂಗಲ್‌ನವರಿಗೆ ಕೈ ಸಾಲದು, ಮಸರಕಲ್‌ನವರಿಗೆ ಮೂಗು ಅಡ್ಡ.

ನಾನು ಯಾವಾಗ ಏನು ಒತ್ತಿದೆನೋ ನನಗೇ ಗೊತ್ತಿಲ್ಲ. ಆದರೆ ಒತ್ತಿದವಳು ನಾನೇ ಇರಬೇಕು, ಬೇರೆ ಯಾರು ಮುಟ್ಟುತ್ತಾರೆ? ಶಿಬಿರದಲ್ಲಿ ನಂಬರ್ ಬರೆದುಕೊಟ್ಟ ಚೀಟಿಗಳು ಜನರ ಹತ್ತಿರ ಇದ್ದವು, ಬಹಳ ಮಂದಿ ಅವನ್ನು ಕಳೆದುಕೊಂಡಿದ್ದಾರೆ. ಮೇಡಂಗೆ ನಾನೇ ಹೋಗಿ ಹೇಳಿದೆ. ಅವರು ಕೂಗಾಡಲಿಲ್ಲ. "ವಿಬುಧೇಂದ್ರರು ಇದ್ದಾಗ ಹಿಂಗ ಆಗಿರಲಿಲ್ಲ. ಇದನ್ನ ಸರಿ ಮಾಡು, ಆಮ್ಯಾಲೆ ನಿನ್ನ ನೌಕರಿ ವಿಚಾರ ಮಾಡೋಣ" ಎಂದರು.

ಭಾಗ್ಯಜ್ಯೋತಿ


ಮಾನ್ವಿ
15 ಜುಲೈ 2024

ಚಿ. ಭಾಗ್ಯಜ್ಯೋತಿಗೆ,

ತಪ್ಪನ್ನು ನೀನಾಗಿಯೇ ಹೋಗಿ ಒಪ್ಪಿಕೊಂಡೆಯಲ್ಲ, ಅದು ದೊಡ್ಡ ಗುಣ. ಆದರೆ ಪ್ರೀತಿಯಿಂದಲೇ ಎರಡು ಮಾತು ಅನ್ನಬೇಕಾಗಿದೆ. ದಾಖಲೆಯ ಕೆಲಸದಲ್ಲಿ ಅವಸರ ನಡೆಯುವುದಿಲ್ಲ, ಮನಸ್ಸು ಬೇರೆ ಕಡೆ ಇದ್ದರೆ ಆ ದಿನ ಶೀಟ್ ತೆರೆಯಬಾರದು. ಒಂದು ಕಾಲಂ ಹಿಡಿದು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸು ಎಂದು ಒತ್ತಿದರೆ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಚೌಕ ಬರುತ್ತದೆ. ಅದು ಕೇಳುವುದು ಇಷ್ಟೇ: ಪಕ್ಕದ ಕಾಲಂಗಳನ್ನೂ ಜೊತೆಗೆ ಕರೆದುಕೊಂಡು ಹೋಗಲೋ, ಇದೊಂದನ್ನೇ ಒಯ್ಯಲೋ? ಯಾವಾಗಲೂ ಮೊದಲನೆಯದನ್ನು ಒತ್ತಬೇಕು. ನೀನು ಎರಡನೆಯದನ್ನು ಒತ್ತಿದ್ದೀಯ. ಹೆಸರು ನಿಂತಲ್ಲೇ ನಿಂತಿತು, ನಂಬರ್ ಎದ್ದು ಹೋಯಿತು.

ನಾನು ಹದಿನೈದು ವರ್ಷ ಮೊದಲನೆಯದನ್ನೇ ಒತ್ತಿದವನು. ನಿನಗೂ ಕೈಗೆ ಬರುತ್ತದೆ. ಧೈರ್ಯವಾಗಿರು.

ವಿಬುಧೇಂದ್ರ


ರಾಯಚೂರು
5 ಆಗಸ್ಟ್ 2024

ಮಾನ್ಯ ಸರ್,

ಚೌಕದ ವಿಷಯ ತಿಳಿಸಿದ್ದಕ್ಕೆ ಕೃತಜ್ಞತೆಗಳು. ಅದನ್ನು ಒಂದು ಕಾಗದದಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಲಾಗಿದೆ.

ಕನ್ನಡಕದ ಕೆಲಸ ಮುಗಿಯಿತು. ಸಂತೆಯ ದಿನ ದೇವದುರ್ಗದಲ್ಲಿ ಬೇವಿನ ಮರದ ಕೆಳಗೆ ಜಮಖಾನ ಹಾಸಿ ಎರಡೂ ಊರಿನವರನ್ನು ಕರೆಸಲಾಯಿತು. ಅಕ್ಷರದ ಹಲಗೆ ಬೇಕಾಗಲಿಲ್ಲ. ನಿಮ್ಮ ಷರಾ ಕಾಲಂ ಹೆಸರಿನ ಜೊತೆಗೇ ನಿಂತಿತ್ತು, ಅದು ಅಲುಗಾಡಿರಲಿಲ್ಲ. ಅದನ್ನೇ ಹಿಡಿದುಕೊಂಡು ಕೂತೆ. ಸೂಜಿ ಎಂದು ಇದ್ದವರಿಗೆ ಸೂಜಿ, ಅಕ್ಕಿ ಎಂದು ಇದ್ದವರಿಗೆ ಮೊರ. ಕನ್ನಡಕಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಯಾವುದರಲ್ಲಿ ತಮ್ಮ ಕೆಲಸ ಆರಾಮಾಗಿ ಆಗುತ್ತದೋ ಅದನ್ನು ಇಟ್ಟುಕೊಳ್ಳಲು ಹೇಳಿದೆ. ನಮ್ಮ ಡಾಕ್ಟರು ಪಕ್ಕದಲ್ಲೇ ಕೂತು ಒಬ್ಬೊಬ್ಬರ ಕಣ್ಣನ್ನೂ ನೋಡಿ ಹೌದು ಎಂದ ಮೇಲೆ, ಕನ್ನಡಕದ ಕಡ್ಡಿಯ ಮೇಲಿನ ನಂಬರ್ ಓದಿ ಬರೆದುಕೊಂಡೆ. ಉಣ್ಣಿಹುಳ ನೋಡುವವರು ಹದಿಮೂರು ಜನ. ಅವರಿಗಾಗಿ ನಮ್ಮಪ್ಪ ಒಂದು ಕುರಿ ಹಿಡಿದುಕೊಂಡು ಬಂದಿದ್ದ. ಅದು ಸಂತೆಯ ಕೊತ್ತಂಬರಿ ಎಲ್ಲ ತಿಂದು, ಅದರ ಜಗಳ ಬೇರೆ.

ಸತ್ತಾರ್ ಸಾಬ್ ಪೇಪರ್ ತಂದಿದ್ದರು. ಷರಾ ನೋಡಿ ನಾನು ಅಂಗಿ, ಗುಂಡಿ, ಸೂಜಿ ಕೊಟ್ಟೆ. "ಕೋನ್ ಬೋಲ್ಯಾ ತುಮ್ಕು? ಯಾರು ಹೇಳಿದ್ರು ನಿಮಗ?" ಎಂದು ನಕ್ಕು ಪೇಪರ್ ಮಡಚಿ ಕೂತು ಕಾಜಾ ಹೊಲಿದರು.

ಅಪ್ಪ ಒಂದು ಮಾತು ಹೇಳಿದ. ಏನಾಗಿತ್ತು ಎಂದು ಅವನಿಗೆ ತಿಳಿಸಿ ಹೇಳುತ್ತಿದ್ದೆ. ಅಪ್ಪ, ಅಂದರೆ ಹನುಮಂತ್ರಾಯ, ಸಾಲಿ ಕಟ್ಟೆ ಹತ್ತಿದವನಲ್ಲ. "ಕುರಿಗೆ ನಾವು ಗುರುತು ಎಲ್ಲಿ ಹಾಕ್ತೀವಿ? ಕಿವಿಗೆ. ಯಾಕಂದ್ರ ಕುರಿ ಹಿಂದ ನಿಲ್ಲಲಿ, ಮುಂದ ನಿಲ್ಲಲಿ, ಕಿವಿ ಅದರ ಜೊತಿಗೇ ಹೋಗ್ತದ. ನಿಮ್ಮ ಆಫೀಸಿನ್ಯಾಗ ಕಿವಿ ಒಂದು ಕಡಿ, ಕುರಿ ಒಂದು ಕಡಿ ಆಗ್ಯಾವ" ಎಂದ. ಮೌನೇಶರಿಗೆ ಇದನ್ನು ಹೇಳಿದಾಗ ಅವರು ಮೇಜು ಬಡಿದು, "ಡೇಟಾಬೇಸ್ ಅಂದ್ರ ಇದೇ ನೋಡ್ರಿ! ನಿಮ್ಮಪ್ಪನ್ನ ಪಾಠಕ್ಕ ಕಳಸ್ರಿ" ಎಂದರು. ಅದರಲ್ಲಿ ಒಬ್ಬೊಬ್ಬರಿಗೂ ಒಂದು ಗುರುತು ಇರುತ್ತದೆ, ಯಾವ ಸಾಲಿಗೆ ಹೋದರೂ ನಂಬರ್ ಆ ಗುರುತನ್ನು ಬಿಟ್ಟು ಕದಲುವುದಿಲ್ಲವಂತೆ. ಇನ್ನೊಂದೂ ಇದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ತಿದ್ದಿದರು ಎಂದು ಅದು ತಾನೇ ಬರೆದುಕೊಳ್ಳುತ್ತದೆ. ಈ ಎರಡನೆಯದು ನನಗೆ ಅಷ್ಟು ಹಿಡಿಸಲಿಲ್ಲ. ಎಲ್ಲವನ್ನೂ ಬರೆದಿಡಲೇಬೇಕೇ?

ತಪ್ಪು ಆದದ್ದು ಆಗಿಹೋಯಿತು. ಈಗ ಅದರ ಮಾತು ಮುಗಿದಿದೆ. ಒಂದು ಸಮಾಧಾನ: ಕನ್ನಡಕದ ಅಂಗಡಿಗೆ ಕಳಿಸಿದ್ದ ಎಣಿಕೆ ಪೂರ್ತಿ ಸರಿಯಾಗಿತ್ತು. ಒಂದರದು ಹದಿನಾಲ್ಕು, ಒಂದೂವರೆಯದು ಮೂವತ್ತೆಂಟು, ಎರಡರದು ಅರವತ್ತೊಂದು, ಎರಡೂವರೆಯದು ಐವತ್ತೆರಡು, ಮೂರರದು ಇಪ್ಪತ್ತೊಂದು. ಒಂದೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಅನಸೂಯಾಬಾಯಿ ಅಮ್ಮನವರಿಗೆ ನನ್ನ ನಮಸ್ಕಾರ.

ಭಾಗ್ಯಜ್ಯೋತಿ


ಮಾನ್ವಿ
14 ಆಗಸ್ಟ್ 2024

ಚಿ. ಭಾಗ್ಯಜ್ಯೋತಿಗೆ ಅನಸೂಯಾಬಾಯಿ ಮಾಡುವ ಆಶೀರ್ವಾದ.

ನಮ್ಮನಿಯವ್ರಿಗೆ ತಿಳಿಯಧಂಗ ಬರದೀನವಾ. ನಿನ್ನ ಕಾಗದದಾಗ ಏನು ಬರದಿದ್ದಿ? ನಾ ಓದಿದೆ, ಕೆಟ್ಟ ಮಾತು ಒಂದೂ ಕಾಣಲಿಲ್ಲ. ಇವ್ರು ಊಟಕ್ಕ ಕೂತಾಗ ಅದನ್ನ ಓದಿದ್ರು. ಹದಿನಾಕು, ಮೂವತ್ತೆಂಟು, ಅರವತ್ತೊಂದು ಅಂತ ಬಾಯೊಳಗ ಅಂದ್ಕೋತ ಅರ್ಧಕ್ಕ ಎದ್ದುಬಿಟ್ರು. ಸಾರಿನ ಮ್ಯಾಲೆ ಯಾವತ್ತೂ ಎದ್ದವರಲ್ಲ. ಆಮ್ಯಾಲೆ ಒಂದೇ ಪ್ರಶ್ನಿ, "ಬೀಳ್ಕೊಡೂ ದಿನ ನಾ ಆಫೀಸಿನಿಂದ ಎಷ್ಟು ಗಂಟೆಗೆ ಮನಿಗೆ ಬಂದೆ?" ಮೂರು ಸಲ ಕೇಳಿದ್ರು. ಏಳಾಗಿತ್ತು ಅಂದೆ. "ಮಾಲಿ ಹಾಕೂದಕ್ಕಿಂತ ಮೊದಲೋ, ಆಮ್ಯಾಲೋ" ಅಂತಾರ. ನನಗೇನು ಗೊತ್ತು?

ಈಗ ಕಿವಿಯಾಗಿನ ಮಶೀನೂ ತಗದಿಟ್ಟಾರ. ಬೈದರೂ ಕೇಳಂಗಿಲ್ಲ ಅಂದಮ್ಯಾಲೆ ಬೈಯೂದಾದರೂ ಯಾಕ? ನಿನಗ ತಿಳದಿದ್ರ ಒಂದು ಸಾಲು ಬರಿ.

ಅನಸೂಯಾಬಾಯಿ


ಮಾನ್ವಿ
20 ಆಗಸ್ಟ್ 2024

ಭಾಗ್ಯಾ,

ನೀನು ಬರೆದ ಎಣಿಕೆ ಓದಿದಾಗ ನೆನಪಾಯಿತು. ಮೇ ಮೂವತ್ತೊಂದನೇ ತಾರೀಖು. ಐದು ಗಂಟೆಗೆ ಬೀಳ್ಕೊಡುಗೆಯ ಸಭೆ. ಕನ್ನಡಕದ ಅಂಗಡಿಯವನು ನಾಲ್ಕೂವರೆಗೆ ಬಂದು, ಯಾವ ನಂಬರಿನವು ಎಷ್ಟು ಬೇಕು ಎಂದು ಎಣಿಕೆ ಕೇಳಿ ನಿಂತ. ಯಾವಾಗಲೂ ನಾನು ಕಾಗದದ ಮೇಲೆ ಕಡ್ಡಿ ಹಾಕಿ ಎಣಿಸುವವನು, ಐದಕ್ಕೊಂದು ಅಡ್ಡಗೆರೆ. ಆ ದಿನ ಅಷ್ಟು ಹೊತ್ತು ಇರಲಿಲ್ಲ. ನಂಬರಿನ ಕಾಲಂ ಹಿಡಿದು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ, ಎಣಿಸಿದೆ, ಚೀಟಿ ಬರೆದುಕೊಟ್ಟೆ. ಹೊರಗಿನಿಂದ ಯಾರೋ ಕರೆದರು. ನಾನು ಹೊಸ ಧೋತರ ಉಟ್ಟಿದ್ದೆ. ಚೌಕ ಬಂದದ್ದು ನೆನಪಿದೆ. ಏನು ಒತ್ತಿದೆ ಎಂಬುದು ನೆನಪಿಲ್ಲ. ಸೇವ್ ಮಾಡಿ ಮುಚ್ಚಿದೆ, ಮಾಲೆ ಹಾಕಿಸಿಕೊಳ್ಳಲು ಹೋದೆ. ಹದಿನೈದು ವರ್ಷದಲ್ಲಿ ಒಂದೂ ತಪ್ಪಿಲ್ಲ ಎಂದು ಮೇಡಂ ಹೇಳಿದ್ದು ಅದಾದ ಮೇಲೆ. ಒಂದು ಗಂಟೆಯೂ ಆಗಿರಲಿಲ್ಲ.

ಇದು ನಿನಗೆ ಗೊತ್ತಿತ್ತು. ಜುಲೈ ಪತ್ರದಲ್ಲಿ ಸಾಲುಸಾಲಿಗೂ 'ನಾನು' ಇದೆ. ನಾನು ಒತ್ತಿದೆ, ನಾನೇ ಅಂಟಿಸಿದೆ. ಆಗಸ್ಟ್ ಪತ್ರದಲ್ಲಿ ತಪ್ಪಿನ ಮಾತು ಬಂದ ಕೂಡಲೇ 'ಆಗಿಹೋಯಿತು', 'ಅಂಟಿಸಲಾಗಿದೆ'. ಮಾಡಿದವರು ಯಾರೂ ಇಲ್ಲ. ಕನ್ನಡ ಎಂ.ಎ. ಮಾಡಿದವಳು ಕರ್ತೃಪದವನ್ನು ಕಾರಣವಿಲ್ಲದೆ ಬಿಡುವುದಿಲ್ಲ. ನನ್ನನ್ನು ಕಾಪಾಡುವುದಕ್ಕೆ ನೀನು ವ್ಯಾಕರಣದ ಮೊರೆ ಹೋದೆ. ಅದನ್ನು ಓದಿ ನನಗೆ ನಗು ಬಂತು, ಆಮೇಲೆ ಅಳು ಬಂತು. ಜುಲೈನಲ್ಲಿ ನಾನು ನಿನಗೆ ಅವಸರದ ಬಗ್ಗೆ ಪಾಠ ಹೇಳಿದ್ದೆ. ಆ ಕಾಗದವನ್ನು ಹರಿದುಹಾಕು.

ಇದರ ಜೊತೆ ಮೇಡಂಗೆ ಬರೆದ ಲಕೋಟೆ ಇದೆ. ಕೊಡು. ಇನ್ನೊಂದು ಮಾತು. ಡೇಟಾಬೇಸ್ ಬೇಡ ಎಂದಿದ್ದೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಶೀಟ್ ನನ್ನನ್ನು ನಂಬಿತ್ತು ಎಂದು ಬರೆದಿದ್ದೆನಲ್ಲ. ಅದು ನಂಬಿಕೆ ಅಲ್ಲ, ಅದಕ್ಕೆ ನೆನಪೇ ಇರಲಿಲ್ಲ. ಯಾರು ಮಾಡಿದರು ಎಂದು ಬರೆದಿಡದ ದಾಖಲೆ ಕೊನೆಗೆ ಹೊಸಬರ ತಲೆಗೆ ಬರುತ್ತದೆ. ನಿನಗೆ ಹಿಡಿಸದ ಆ ಎರಡನೆಯ ಗುಣ ಇದೆಯಲ್ಲ, ಅದಕ್ಕಾಗಿಯೇ ಅದನ್ನು ಮಾಡಿಸು.

ವಿಬುಧೇಂದ್ರ


ರಾಯಚೂರು
27 ಆಗಸ್ಟ್ 2024

ಮಾನ್ಯ ಸರ್,

ಜುಲೈ ಹನ್ನೆರಡಕ್ಕೆ ಗೊತ್ತಾಯಿತು. ನಾನೇ ಮಾಡಿದೆ ಎಂದು ಅಳುವುದನ್ನು ನೋಡಲಾರದೆ ಮೌನೇಶರು ಮೇ ಶಿಬಿರದ ಆ ಕಡತ ಕೊನೆಗೆ ಯಾವಾಗ ತಿದ್ದಿದ್ದು ಎಂದು ತೆಗೆದು ತೋರಿಸಿದರು. ಮೇ ಮೂವತ್ತೊಂದು, ಸಂಜೆ ನಾಲ್ಕು ಐವತ್ತೆರಡು. ಯಾರಿಗೂ ಹೇಳಬಾರದು ಎಂದು ಅವರಿಂದ ಮಾತು ತೆಗೆದುಕೊಂಡೆ. ಕಾಗದ ಹರಿದಿಲ್ಲ, ನಿಮ್ಮ ಕಾಗದಗಳನ್ನು ನಾನು ಹರಿಯುವುದಿಲ್ಲ.

ಲಕೋಟೆಯನ್ನು ಮೇಡಂಗೆ ಕೊಟ್ಟಿಲ್ಲ. ನನ್ನ ನೌಕರಿ ಹೋದರೆ ಇನ್ನೊಂದು ಸಿಗಬಹುದು. ನಿಮ್ಮ ಹದಿನೈದು ವರ್ಷ ಇನ್ನೊಮ್ಮೆ ಸಿಗುವುದಿಲ್ಲ. ಕೊಡದೆ ಇರಲೇ?

ಭಾಗ್ಯಜ್ಯೋತಿ


(ಅಂಚೆ ಕಾರ್ಡು)
ಮಾನ್ವಿ
31 ಆಗಸ್ಟ್ 2024

ಕೊಡು.

ವಿ.


ರಾಯಚೂರು
6 ನವೆಂಬರ್ 2024

ಪ್ರೀತಿಯ ಸರ್,

ದೀಪಾವಳಿಗೆ ಊರಿಗೆ ಹೋಗಿದ್ದೆ, ಅದಕ್ಕೇ ತಡವಾಯಿತು. ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ನೀವು ಬಂದು ಹೋದ ಮೇಲೆ ಇಲ್ಲಿ ಏನಾಯಿತೆಂದು ತಿಳಿಸಬೇಕು.

ಮೊದಲು ಆ ದಿನದ್ದೇ. ಎದುರಿಗೆ ಹೇಳಲಾಗಲಿಲ್ಲ. ಲಕೋಟೆ ಓದಿದ ಮೇಲೆ ಮೇಡಂ ನಿಮಗೆ ಉತ್ತರ ಬರೆಯಲಿಲ್ಲ ಎಂದು ನೀವು ನೊಂದಿದ್ದಿರಿ. ಅವರು ಮೂರು ಸಲ ಬರೆದು ಹರಿದರು, ಕಸದ ಬುಟ್ಟಿಯಲ್ಲಿ ನಾನು ನೋಡಿದ್ದೇನೆ. ನೀವು ಬಾಗಿಲಲ್ಲಿ ನಿಂತು, "ನನ್ನ ತಪ್ಪನ್ನ ನನ್ನ ಕೈಯಾರೆ ಬರೀಬೇಕ್ರಿ" ಎಂದಾಗ ಅವರೇ ಎದ್ದು ತಮ್ಮ ಕುರ್ಚಿ ಎಳೆದುಕೊಟ್ಟರು. ಮೌನೇಶರ ಹೊಸ ಡೇಟಾಬೇಸ್ ನಿಮ್ಮನ್ನು ಒಳಗೆ ಬಿಡಲಿಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರಿರಲಿಲ್ಲ. "ಬಾಗಿಲು ಇರ್ತದ ಅಂದಿದ್ನಲ್ಲರೀ" ಎಂದು ಅವರು ನಾಚಿಕೊಂಡರು. ನೀವು ಕೇಳಿಸದೆ, "ಏನಂತಾನ?" ಎಂದು ನನ್ನನ್ನು ಕೇಳಿದಿರಿ. ನಾನು ಕಾಗದದ ಮೇಲೆ ಬರೆದು ತೋರಿಸಿದೆ: 'ನೀವು ಯಾರು ಎನ್ನುತ್ತಿದೆ.' ನೀವು ಜೋರಾಗಿ ನಕ್ಕಿರಿ. ನಿಮ್ಮ ಹೆಸರು ಸೇರಿಸಿದ ಮೇಲೆ ಒಂದೇ ಬೆರಳಿನಲ್ಲಿ ಹೊಡೆದಿರಿ: "ಮೇ 2024ರ ಪಟ್ಟಿಯಲ್ಲಿ ನಂಬರುಗಳು ಕದಲಿದ್ದು ನನ್ನಿಂದ. ಹೊಸದಾಗಿ ಬಂದವರದು ಏನೂ ತಪ್ಪಿಲ್ಲ. ವಿಬುಧೇಂದ್ರ." ಕೆಳಗೆ ತಾನಾಗಿ ತಾರೀಖು, ಗಂಟೆ ಬಂದವು. ಅದನ್ನು ನೋಡಿ ನೀವು, "ಇದು ಚೊಲೋ ಅದ" ಎಂದಿರಿ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತ ಕೂತಿರಿ.

ನಿಮ್ಮನ್ನು ಮಾನ್ವಿ ಬಸ್ಸಿಗೆ ಹತ್ತಿಸಿ ಬಂದಾಗ ಮೇಡಂ ನನ್ನ ನೌಕರಿ ಕಾಯಂ ಮಾಡಿದ ಕಾಗದವನ್ನು ಟೇಬಲ್ಲಿನ ಮೇಲೆ ಇಟ್ಟಿದ್ದರು. "ತಪ್ಪು ಮಾಡಿದವ್ರು ಒಬ್ರು, ಒಪ್ಪಿಕೊಳ್ಳಾಕ ಇಬ್ರು. ಇಂಥ ಆಫೀಸು ನಾ ಎಲ್ಲೂ ನೋಡಿಲ್ಲ" ಎಂದರು.

ನನ್ನ ತೀರ್ಮಾನ ಡೇಟಾಬೇಸ್ ಎಂದೇ ಆಯಿತು, ನಿಮಗೆ ಗೊತ್ತು. ನಾಲ್ಕು ಆಯ್ಕೆಗೆ ಮಾತ್ರ ಒಪ್ಪಲಿಲ್ಲ. ಷರಾಕ್ಕೆ ಬೇರೆಯೇ ಜಾಗ ಮಾಡಿಸಿದ್ದೇನೆ. ಶೀಟಿನಲ್ಲಿ ಒಬ್ಬರಿಗೆ ಒಂದೇ ಷರಾ, ಹೊಸದು ಬರೆಯಬೇಕಾದರೆ ಹಳೆಯದನ್ನು ಅಳಿಸಬೇಕಿತ್ತು. ಇದರಲ್ಲಿ ಹಳೆಯದು ಹಾಗೇ ಇರುತ್ತದೆ, ಅದರ ಕೆಳಗೆ ಎಷ್ಟು ಬೇಕಾದರೂ ಬರೆಯಬಹುದು, ಉದ್ದಕ್ಕೂ ಮಿತಿಯಿಲ್ಲ. ಮೊದಲ ವಾರವೇ ಗೂಗಲ್‌ನಿಂದ ಈರಮ್ಮ ಬಂದಿದ್ದಳು. "ಹರಳು ಕಾಣ್ತಾವ, ಈಗ ಸೊಸಿ ಆರಿಸಿದ ಅಕ್ಕಿಯಾಗಿನ ಹರಳೂ ನನಗೇ ಕಾಣ್ತಾವ" ಎಂದಳು. ಅದನ್ನು ಹಾಗೆಯೇ ಬರೆದೆ.

ನೀವು ಹೋದ ಮೇಲೆ ಮೌನೇಶರು, "ನಿವೃತ್ತರಾದವ್ರ ಹೆಸರು ತಗದುಬಿಡ್ಲೇನ್ರೀ? ಇಲ್ಲೊಂದು ಗುರುತು ಹಾಕಿದ್ರ ಸಾಕು" ಎಂದರು. ಬೇಡ ಎಂದೆ. ಯಾಕೆ ಎಂದರು. ಮಾನ್ವಿ ಕಡೆಯವರ ಷರಾ ನಿಮ್ಮಿಂದ ಅಂಚೆಯಲ್ಲಿ ಬರುತ್ತವೆ, ನಾನು ನಿಮ್ಮ ಹೆಸರಿನಲ್ಲಿ ಏರಿಸುತ್ತೇನೆ ಎಂದೆ. ಈ ಮಾತು ನಿಮ್ಮನ್ನು ಕೇಳದೆ ಕೊಟ್ಟಿದ್ದೇನೆ. ಕೇಳಿಸಲಿಲ್ಲ ಎಂದು ಈಗ ನೀವು ಹೇಳುವ ಹಾಗಿಲ್ಲ, ಬರೆದು ಕೊಟ್ಟಿದ್ದೇನೆ.

ಕೊನೆಯದಾಗಿ, ನೂರಾ ಐವತ್ತೆರಡನೆಯ ಸಾಲಿನವರ ವಿಷಯ. ಈಗ ಸಾಲು ಇಲ್ಲ, ಗುರುತು ಮಾತ್ರ ಇದೆ. ಹಬ್ಬದ ದಿನ ಮನೆಯ ಹೊರಗಿನಿಂದ ಕಿಟಕಿಯಲ್ಲಿ ನೋಡಿದೆ. ಅವ್ವ ಕನ್ನಡಕ ಹಾಕಿಕೊಂಡು, ಒಂದೇ ಸಲಕ್ಕೆ ದಾರ ಪೋಣಿಸಿ, ಸರಸರ ಕೌದಿ ಹೊಲಿಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಸದ್ದು ಕೇಳಿತು. ಒಳಗೆ ಹೋಗುವಷ್ಟರಲ್ಲಿ ಕನ್ನಡಕ ದಿಂಬಿನ ಕೆಳಗೆ ಇತ್ತು, ಸೂಜಿ ಬರಿದಾಗಿತ್ತು. ಅವ್ವ ಅದನ್ನು ನನ್ನ ಕಡೆ ಹಿಡಿದು, "ಬಾರಬೇ, ಇದೊಂದು ಪೋಣಿಸಿ ಕೊಡು, ಕಣ್ಣಿಗೆ ಏನೂ ಕಾಣವಲ್ದು" ಎಂದಳು.

ನಾನು ಪೋಣಿಸಿ ಕೊಟ್ಟೆ. ಸೋಮವಾರ ಬಂದು ಬರೆದೆ. ನಿಮ್ಮ ಷರಾದ ಕೆಳಗೆ ಈಗ ನನ್ನದೊಂದು ಇದೆ:

"ಬಂಡೆಮ್ಮ, ಮಸರಕಲ್: ನಂಬರ್ ಸರಿಯಾಗಿದೆ. ಮಗಳು ಬಂದಾಗ ಹಾಕಿಕೊಳ್ಳುವುದಿಲ್ಲ."

ನಿಮ್ಮ
ಭಾಗ್ಯಾ